ಮೂರನೆಯ ವೈದ್ಯರಿಗೆ ಕಂಡದ್ದು ಮೊದಲಿಬ್ಬರಿಗೆ ಏಕೆ ಕಾಣಲಿಲ್ಲ?

ಪ್ರಿಯ ಓದುಗರೇ,

ನಿಮ್ಮ ಪತ್ರ ದೀರ್ಘವಾಗಿರುವುದರಿಂದ ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇವೆ. ನಿಮ್ಮ ತಂಗಿಗೆ ಒಂದು ವರ್ಷಕ್ಕೂ ಮೇಲ್ಪಟ್ಟು ವಿಪರೀತ ಸುಸ್ತು, ವಾಕರಿಕೆ, ಎದ್ದು ನಿಂತರೆ ತಲೆಸುತ್ತು ಇದ್ದವು, ತೂಕವೂ ಇಳಿಯುತ್ತಿತ್ತು. ಮೊದಲ ವೈದ್ಯರು ಜಠರದ ಆಮ್ಲದ ತೊಂದರೆಯೆಂದು ಮಾತ್ರೆ ಬರೆದುಕೊಟ್ಟರು, ಎರಡನೆಯವರು ಮಾನಸಿಕ ಒತ್ತಡವೆಂದರು. ಮೂರನೆಯವರು ಆಕೆಯ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿ, ಉಪ್ಪು ತಿನ್ನಬೇಕೆಂದು ಅನಿಸುತ್ತದೆಯೇ ಎಂದು ಕೇಳಿ, ರಕ್ತಪರೀಕ್ಷೆ ಮಾಡಿಸಿ, ಇದು ಅಡಿಸನ್ ಕಾಯಿಲೆ ಎಂದರು. “ಅದೇ ದೇಹ, ಅದೇ ದೂರು, ಮೊದಲಿಬ್ಬರಿಗೆ ಏಕೆ ತಿಳಿಯಲಿಲ್ಲ? ಇದು ವಿದ್ಯೆಯೋ, ಅದೃಷ್ಟವೋ? ಮೊದಲ ವೈದ್ಯರ ಬಳಿ ಹೋಗಿ ಕೇಳಬೇಕೋ, ಸುಮ್ಮನಿರಬೇಕೋ?” ಎಂದು ನೀವು ಕೇಳಿದ್ದೀರಿ.

ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸೊರಗಿ, ಕಾರ್ಟಿಸಾಲ್ ಮತ್ತು ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಆಲ್ಡೊಸ್ಟಿರೋನ್ ಹಾರ್ಮೋನುಗಳು ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಉಪ್ಪಿನಂಶ ಮೂತ್ರದಲ್ಲಿ ಹರಿದುಹೋಗುವುದರಿಂದ ರಕ್ತದೊತ್ತಡ ಇಳಿಯುತ್ತದೆ, ಉಪ್ಪಿಗಾಗಿ ಬಾಯಿ ಹಾತೊರೆಯುತ್ತದೆ. ಇತ್ತ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಸೋತ ಅಡ್ರಿನಲ್‌ಗಳನ್ನು ಎಬ್ಬಿಸಲೆಂದು ತನ್ನ ಪ್ರಚೋದಕ ಹಾರ್ಮೋನನ್ನು ಹೆಚ್ಚು ಹೆಚ್ಚು ಸುರಿಸತೊಡಗುತ್ತದೆ. ಅದು ಚರ್ಮದ ವರ್ಣಕೋಶಗಳನ್ನೂ ಕೆರಳಿಸುವುದರಿಂದ ಅಂಗೈಯ ಗೆರೆಗಳು, ವಸಡು, ಹಳೆಯ ಗಾಯದ ಕಲೆಗಳು ಕಪ್ಪಾಗುತ್ತವೆ. ಮೈ ಕಪ್ಪಾದದ್ದನ್ನು ಬಿಸಿಲಿನ ಪರಿಣಾಮವೆಂದು ಮನೆಯವರೆಲ್ಲ ತಿಳಿದಿದ್ದೆವು ಎಂದು ನೀವು ಬರೆದಿದ್ದೀರಿ. ಆದರೆ ವಸಡಿಗೆ ಬಿಸಿಲು ತಾಗುವುದಿಲ್ಲವಲ್ಲ. ಮೂರನೆಯ ವೈದ್ಯರು ಬಾಯಿ ತೆರೆಸಿ ನೋಡಿದ್ದು ಇದಕ್ಕಾಗಿಯೇ ಇರಬೇಕು.

ಮೊದಲಿಬ್ಬರ ಪರವಾಗಿಯೂ ಒಂದು ಮಾತು ಹೇಳಬೇಕು. ಸುಸ್ತು, ವಾಕರಿಕೆ, ತೂಕ ಇಳಿಯುವುದು ನೂರಾರು ಕಾಯಿಲೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅವುಗಳ ನಡುವೆ ಅಡಿಸನ್ ಕಾಯಿಲೆ ತೀರ ಅಪರೂಪ. ನೀವೆನ್ನುವಂತೆ ಅದು “ಅದೇ ದೇಹ”ವೂ ಆಗಿರಲಿಲ್ಲ. ಗ್ರಂಥಿಗಳು ನಿಧಾನವಾಗಿ ಸೊರಗುತ್ತವೆ. ಮೊದಲ ಭೇಟಿಯಲ್ಲಿ ಅಂಗೈ ಗೆರೆಗಳು ಇನ್ನೂ ಕಪ್ಪಾಗಿರದೆಯೂ ಇರಬಹುದು. ಕಾಯಿಲೆಯ ಹೆಸರು ತಿಳಿದ ಮೇಲೆ ಹಿಂದಿನದೆಲ್ಲವೂ ಸ್ಪಷ್ಟವಾಗಿ ತೋರುವುದು ಸಹಜ.

ಹಾಗೆಂದು ಅವರು ಪೂರ್ತಿ ನಿರ್ದೋಷಿಗಳೆಂದು ನಾವು ಹೇಳುತ್ತಿಲ್ಲ. ರೋಗನಿರ್ಣಯ ತಪ್ಪಿದ 100 ಪ್ರಕರಣಗಳನ್ನು ಅಮೆರಿಕದ ಮಾರ್ಕ್ ಗ್ರೇಬರ್ ಮತ್ತು ಸಂಗಡಿಗರು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ವೈದ್ಯರ ಆಲೋಚನಾಕ್ರಮದ ದೋಷ ಕಂಡುಬಂದಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ವೈದ್ಯರಿಗೆ ಆ ಕಾಯಿಲೆಯ ಬಗ್ಗೆ ತಿಳಿವಳಿಕೆಯೇ ಇರಲಿಲ್ಲ ಎನ್ನುವಂಥ ಪ್ರಕರಣಗಳು ಅಲ್ಲಿ ವಿರಳ. ಒಪ್ಪುವಂಥ ಒಂದು ಉತ್ತರ ಸಿಕ್ಕಿದೊಡನೆ ಹುಡುಕಾಟ ನಿಲ್ಲಿಸಿಬಿಡುವುದೇ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ದೋಷ. ಒಮ್ಮೆ ಕಡತದಲ್ಲಿ “ಮಾನಸಿಕ ಒತ್ತಡ” ಎಂದು ಬರೆದಾಯಿತೆಂದರೆ ಮುಂದೆ ನೋಡುವವರು ರೋಗಿಗಿಂತ ಮೊದಲು ಆ ಎರಡು ಪದಗಳನ್ನು ನೋಡುತ್ತಾರೆ. ಒತ್ತಡದಿಂದ ಸುಸ್ತು ಬರಬಹುದು, ಆದರೆ ಅಂಗೈ ಕಪ್ಪಾಗುವುದಿಲ್ಲ. ಉತ್ತರಕ್ಕೆ ಹೊಂದದ ಇಂಥ ಒಂದೇ ಒಂದು ಲಕ್ಷಣವನ್ನು ಬದಿಗೆ ಸರಿಸದೆ ಅದನ್ನೇ ಹಿಡಿದು ಹೊರಟದ್ದು ಮೂರನೆಯವರ ವಿಶೇಷ. ಅವರು ಹಳೆಯ ಕಡತವನ್ನು ಮುಚ್ಚಿಟ್ಟು “ಮೊದಲಿನಿಂದ ಹೇಳಿ” ಎಂದರಂತೆ. ಕಗ್ಗಂಟಾದ ಪ್ರಕರಣಗಳು ಬಿಡಿಸಿಕೊಳ್ಳುವುದು ಹೊಸ ಯಂತ್ರಗಳಿಂದ ಎನ್ನುವುದಕ್ಕಿಂತ ಹೀಗೆ ರೋಗಿಯ ಮಾತನ್ನು ಮತ್ತೊಮ್ಮೆ ಕೇಳುವುದರಿಂದ ಎಂದೇ ನಮ್ಮ ಅಭಿಪ್ರಾಯ.

ಅಷ್ಟಕ್ಕೇ ನಿಂತಿದ್ದರೆ ಅದೂ ಊಹೆಯೇ ಆಗುತ್ತಿತ್ತು. ಅವರು ತಮ್ಮ ಊಹೆಯನ್ನು ಸುಳ್ಳಾಗಿಸಬಲ್ಲ ಪರೀಕ್ಷೆಗಳಿಗೆ ಒಡ್ಡಿದರು. ರಕ್ತದಲ್ಲಿ ಸೋಡಿಯಂ ಕಡಿಮೆ, ಪೊಟಾಸಿಯಂ ಹೆಚ್ಚು ಕಂಡದ್ದಕ್ಕೆ ಬೇರೆ ಕಾರಣಗಳೂ ಇರಬಹುದೆಂದು, ಕಾರ್ಟಿಸಾಲ್ ಸಹಜವಾಗಿ ಹೆಚ್ಚಿರುವ ಬೆಳಗಿನ ಹೊತ್ತಿನಲ್ಲಿ ಅದನ್ನು ಅಳೆಸಿದರು. ಬಳಿಕ ಪ್ರಚೋದಕ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಗ್ರಂಥಿ ಎಚ್ಚೆತ್ತುಕೊಳ್ಳುತ್ತದೆಯೇ ಎಂದು ಮತ್ತೆ ರಕ್ತ ತೆಗೆಸಿ ನೋಡಿದರು. ಏರಬೇಕಾದ ಕಾರ್ಟಿಸಾಲ್ ಏರಲಿಲ್ಲ. ನಿಮ್ಮ “ವಿದ್ಯೆಯೋ, ಅದೃಷ್ಟವೋ” ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದೇ.

ಯಂತ್ರಗಳನ್ನು ನಾವು ಹಗುರಾಗಿ ಕಾಣುತ್ತಿಲ್ಲ. 2014ರಲ್ಲಿ ಅಮೆರಿಕದಿಂದ ವರದಿಯಾದ ಒಂದು ಪ್ರಕರಣದಲ್ಲಿ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕುಂದಿದ್ದ 14 ವರ್ಷದ ಹುಡುಗನೊಬ್ಬ ಜ್ವರ, ತಲೆನೋವುಗಳಿಂದ ಪದೇ ಪದೇ ಆಸ್ಪತ್ರೆ ಸೇರಿ ಕೊನೆಗೆ ನಿಲ್ಲದ ಅಪಸ್ಮಾರಕ್ಕೆ ತುತ್ತಾಗಿದ್ದ. ಮಿದುಳಿನ ತುಣುಕನ್ನು ತೆಗೆದು ನೋಡಿದರೂ ಕಾರಣ ಸಿಗಲಿಲ್ಲ. ಆಗ ಅವನ ಬೆನ್ನುಹುರಿಯ ದ್ರವದಲ್ಲಿದ್ದ ಎಲ್ಲ ಡಿಎನ್‌ಎ ತುಣುಕುಗಳನ್ನೂ ಓದಿಸಲಾಯಿತು. 30 ಲಕ್ಷಕ್ಕೂ ಹೆಚ್ಚು ತುಣುಕುಗಳ ಪೈಕಿ 475 ಲೆಪ್ಟೋಸ್ಪೈರಾಕ್ಕೆ, ಎಂದರೆ ಇಲಿಜ್ವರದ ಬ್ಯಾಕ್ಟೀರಿಯಾಕ್ಕೆ ಸೇರಿದ್ದವು. ಪೆನಿಸಿಲಿನ್ ಕೊಟ್ಟರು, ಹುಡುಗ ಚೇತರಿಸಿಕೊಂಡ. ಆದರೆ “ನಮಗೆ ಇನ್ನೂ ತಿಳಿದಿಲ್ಲ” ಎಂದು ವೈದ್ಯರು ಒಪ್ಪಿಕೊಂಡದ್ದರಿಂದಲೇ ಆ ದ್ರವದ ಮಾದರಿಯು ಯಂತ್ರದವರೆಗೆ ಹೋಯಿತು. ರೋಗನಿರ್ಣಯಕ್ಕೆ ಕಂಪ್ಯೂಟರ್ ಕೊಡುವ ಸಲಹೆಯ ಮಾತೂ ಇಷ್ಟೆ: ಅಂಗೈಯನ್ನು ಯಾರೂ ನೋಡದಿದ್ದರೆ ಅದಕ್ಕೆ ತಿಳಿಸುವವರು ಯಾರು?

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯವಾದದ್ದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಿಚರ್ಡ್ ಕ್ಯಾಬಟ್ 3,000 ಮರಣೋತ್ತರ ಪರೀಕ್ಷೆಗಳನ್ನು, ರೋಗಿ ಬದುಕಿದ್ದಾಗ ಮಾಡಿದ ನಿರ್ಣಯಗಳೊಂದಿಗೆ ತಾಳೆ ನೋಡಿ 1912ರಲ್ಲಿ ಪ್ರಕಟಿಸಿದರು. ಟೈಫಾಯ್ಡಿನಂಥ ಕಾಯಿಲೆಗಳಲ್ಲಿ ವೈದ್ಯರು ಬಹುಪಾಲು ಸರಿಯಾಗಿದ್ದರು. ಮೂತ್ರಪಿಂಡಗಳ ತೀವ್ರ ಉರಿಯೂತದಲ್ಲಿ ಬಹುಪಾಲು ತಪ್ಪಿದ್ದರು. ಕ್ಯಾಬಟ್ ರೂಢಿಗೆ ತಂದ ಸಭೆಗಳಲ್ಲಿ ಅನುಭವಿ ವೈದ್ಯರೊಬ್ಬರು ರೋಗಿಯ ವಿವರಗಳನ್ನಷ್ಟೇ ಇಟ್ಟುಕೊಂಡು ಎಲ್ಲರೆದುರು ತರ್ಕಿಸಿ ಒಂದು ನಿರ್ಣಯಕ್ಕೆ ಬರಬೇಕು. ಆಮೇಲಷ್ಟೇ ರೋಗಶಾಸ್ತ್ರಜ್ಞರು ನಿಜವಾದ ಉತ್ತರವನ್ನು ಹೇಳುತ್ತಾರೆ. ಹಿರಿಯರು ಬಹಿರಂಗವಾಗಿ ತಪ್ಪುವುದನ್ನು ಕಿರಿಯರು ನೋಡಿ ಕಲಿಯುವ ಈ ಪದ್ಧತಿ ಇಂದಿಗೂ ಉಳಿದಿದೆ. ಆದರೆ ಮರಣೋತ್ತರ ಪರೀಕ್ಷೆಗಳು ಕಳೆದ ಶತಮಾನದ ಉತ್ತರಾರ್ಧದಿಂದ ಬಹಳ ಇಳಿಮುಖವಾಗಿವೆ, ಮತ್ತು ಬದುಕಿರುವ ರೋಗಿ ಗುಣ ಕಾಣದಿದ್ದರೆ ಬೇರೊಬ್ಬ ವೈದ್ಯರ ಬಳಿಗೆ ಹೋಗಿಬಿಡುತ್ತಾನೆ. ಮತ್ತೆ ಬಾರದ ರೋಗಿ ಗುಣವಾದನೆಂದೇ ಮೊದಲ ವೈದ್ಯರು ಭಾವಿಸುತ್ತಾರೆ. ಬಾಣ ಎಲ್ಲಿ ನಾಟಿತೆಂದು ತಿಳಿಯದ ಬಿಲ್ಲುಗಾರನ ಗುರಿ ಸುಧಾರಿಸುವುದಾದರೂ ಹೇಗೆ?

ಆದ್ದರಿಂದ ದಯವಿಟ್ಟು ಹೋಗಿ. ಜಗಳಕ್ಕೆಂದು ಬೇಡ, ಚುಚ್ಚುಮದ್ದಿನ ನಂತರದ ಕಾರ್ಟಿಸಾಲ್ ವರದಿಯ ಒಂದು ಪ್ರತಿಯನ್ನು ಹಿಡಿದುಕೊಂಡು ಇಬ್ಬರ ಬಳಿಯೂ ಹೋಗಿ, ಯಾವ ತಿಂಗಳಿನಲ್ಲಿ ಯಾವ ದೂರು ಹೇಳಿದ್ದಿರಿ, ಮೈ ಕಪ್ಪಾಗತೊಡಗಿದ್ದು ಸರಿಸುಮಾರು ಯಾವಾಗ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಅದರೊಂದಿಗೆ ಕೊಡಿ. ಒಬ್ಬರು ಸಿಡುಕಬಹುದು. ತಂಗಿಯವರೂ ಜೊತೆಗೆ ಬರಲು ಒಪ್ಪಿದರೆ ಅಂಗೈ ತೋರಿಸಲಿ. ಔಷಧಿಯಿಂದ ಬಣ್ಣ ತಿಳಿಯಾಗತೊಡಗುವ ಮೊದಲೇ ಹೋದರೆ ಒಳ್ಳೆಯದು.

— ಸಂಪಾದಕ