ಹೃದಯ ಪ್ರಶ್ನೋತ್ತರ: ರಕ್ತ ಹರಿಯುವ ದಾರಿಯಲ್ಲಿ ತಂತಿ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ. ಆಂಜಿಯೋಗ್ರಾಮ್ ರಿಪೋರ್ಟಿನಲ್ಲಿ ‘ಬಲ ಕರೋನರಿ ಸಿಟಿಒ, ರೆಂಟ್ರಾಪ್ 3, ಸಿಸಿ 1, ಜೆ-ಸಿಟಿಒ 2’ ಎಂದಿದೆ. ಕೊಲ್ಯಾಟರಲ್‌ಗೆ (ಬ್ಲಾಕನ್ನು ಬಳಸಿ ಆಚೆಗೆ ರಕ್ತ ಒಯ್ಯುವ ಸಣ್ಣ ಪಕ್ಕನಾಳಗಳಿಗೆ) ಪೂರ್ತಿ 3 ಬಂದಿರುವಾಗ ಸ್ಟೆಂಟ್ ಸುಲಭವೇ? ಅಥವಾ ಸ್ಟೆಂಟೇ ಬೇಡವೇ?
– ಓದುಗರು, ಶಿವಮೊಗ್ಗ

ಉತ್ತರ: ಸಿಟಿಒ ಎಂದರೆ ಮೂರು ತಿಂಗಳಿಗಿಂತ ಹಳೆಯದಾದ, ನೂರಕ್ಕೆ ನೂರು ಮುಚ್ಚಿದ ಬ್ಲಾಕ್. ಉಳಿದ ಮೂರು ಅಂಕಗಳು ಅಳೆಯುವುದು ಮೂರು ಬೇರೆ ಸಂಗತಿಗಳನ್ನು.

1985ರಿಂದ ಬಳಕೆಯಲ್ಲಿರುವ ರೆಂಟ್ರಾಪ್, ಕೊಲ್ಯಾಟರಲ್ ಮೂಲಕ ಬ್ಲಾಕಿನ ಆಚೆಗೆ ನಾಳ ಎಷ್ಟು ತುಂಬುತ್ತದೆ ಎಂದು ನೋಡುತ್ತದೆ. ಡೈ ಕಾಣದಿದ್ದರೆ 0, ಕವಲುಗಳಷ್ಟೇ ತುಂಬಿದರೆ 1, ಮುಖ್ಯ ನಾಳ ಅರ್ಧಂಬರ್ಧ ತುಂಬಿದರೆ 2, ಪೂರ್ತಿ ತುಂಬಿದರೆ 3. ನಿಮ್ಮ ತಂದೆಯವರ 3 ಒಳ್ಳೆಯ ಸುದ್ದಿಯೇ. ಸ್ಟೆಂಟ್ ಎಲ್ಲಿಗೆ ಮುಟ್ಟಬೇಕೆಂಬುದು ವೈದ್ಯರಿಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕೊಲ್ಯಾಟರಲ್‌ನಲ್ಲಿ ರಕ್ತ ಹರಿಯುವುದು ಬೇರೆ, ಸ್ಟೆಂಟ್ ಕೂರಿಸಲು ಬೇಕಾದ ತಂತಿ ಅದರ ಮೂಲಕ ಹೋಗುವುದು ಬೇರೆ. ಕೂದಲೆಳೆಯಂಥ ಹಲವು ನಾಳಗಳು ಸೇರಿಯೂ 3 ಬರಬಹುದು.

ಕೊಲ್ಯಾಟರಲ್ ನಾಳದ ದಪ್ಪ ಹೇಳುವುದು ಸಿಸಿ (ಕೊಲ್ಯಾಟರಲ್ ಕನೆಕ್ಷನ್). ವರ್ನರ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ವಿಂಗಡಣೆ ಇದು. ಎರಡೂ ಬದಿ ಕೂಡಿಸುವ ನಾಳ ಕಾಣದಿದ್ದರೆ 0, ದಾರದಂತೆ, 0.3 ಮಿ.ಮೀ.ವರೆಗೆ ಇದ್ದರೆ 1. ಸಣ್ಣ ಕವಲಿನಂತೆ 0.4 ಮಿ.ಮೀ. ಅಥವಾ ಹೆಚ್ಚಿದ್ದರೆ 2. ನಾವು ತೂರಿಸುವ ತಂತಿಯೇ 0.014 ಇಂಚು, ಅಂದರೆ ಸುಮಾರು 0.36 ಮಿ.ಮೀ. ಅದರ ಹಿಂದೆ ಇನ್ನೂ ದಪ್ಪದ ಮೈಕ್ರೋಕ್ಯಾಥೆಟರ್ (ಸಣ್ಣ ಕೊಳವೆ) ಹೋಗಬೇಕು. ಹಾಗಾಗಿ ಸಿಸಿ 1ರ ನಾಳ ಹಿಗ್ಗಿ ದಾರಿ ಕೊಡಬೇಕು. ಹೃದಯದ ನಡುಗೋಡೆಯೊಳಗಿನ ಸೆಪ್ಟಲ್ ನಾಳಗಳು ಸಾಮಾನ್ಯವಾಗಿ ಹಿಗ್ಗುತ್ತವೆ, ಹರಿದರೂ ಸುತ್ತಲಿನ ಸ್ನಾಯು ಒತ್ತಿ ಹಿಡಿಯುತ್ತದೆ. ಹೃದಯದ ಮೇಲ್ಮೈಯಲ್ಲಿ ಸುತ್ತಿಬಳಸಿ ಹೋಗುವ ಎಪಿಕಾರ್ಡಿಯಲ್ ನಾಳ ಹರಿದರೆ ರಕ್ತ ಪೊರೆಯೊಳಗೆ ತುಂಬಿ ಹೃದಯವನ್ನೇ ಅದುಮಬಹುದು. ದಪ್ಪವಾಗಿ ಕಂಡರೂ ಬಿಗಿಯಾದ ಸುರುಳಿಗಳಿದ್ದರೆ ಅಂಥದ್ದನ್ನು ಬಿಡುವುದೇ ಜಾಣತನ.

ಜಪಾನಿನ ಜೆ-ಸಿಟಿಒ (2011) ಕೊಲ್ಯಾಟರಲ್ ಕಡೆ ನೋಡುವುದೇ ಇಲ್ಲ. ಬ್ಲಾಕಿನ ಬಾಯಿ ಮೊಂಡಾಗಿರುವುದು, ಸುಣ್ಣ ಕಟ್ಟಿರುವುದು, 45 ಡಿಗ್ರಿ ಮೀರಿದ ಬಾಗು, 20 ಮಿ.ಮೀ. ಅಥವಾ ಹೆಚ್ಚಿನ ಉದ್ದ, ಹಿಂದೊಮ್ಮೆ ಯತ್ನಿಸಿ ವಿಫಲವಾಗಿರುವುದು: ಒಂದೊಂದಕ್ಕೆ 1 ಅಂಕ. ತಂತಿ 30 ನಿಮಿಷದೊಳಗೆ ದಾಟೀತೇ ಎಂಬ ಅಂದಾಜಿಗೆ ಇದು. 2 ಎಂದರೆ ಕಷ್ಟದ ಕೇಸು, ಆಗದು ಎಂದಲ್ಲ. ನೇರ ದಾರಿ ಕೈಕೊಟ್ಟಾಗ ಕೊಲ್ಯಾಟರಲ್ ಮೂಲಕ ಹಿಂದಿನಿಂದ ಬರುವ ದಾರಿ ಇದೆಯೇ ಎಂಬುದು ಆಗ ಮುಖ್ಯವಾಗುತ್ತದೆ.

ಇನ್ನು ಸ್ಟೆಂಟ್ ಬೇಕೇ? ಕೊಲ್ಯಾಟರಲ್ ವಿಶ್ರಾಂತಿಯಲ್ಲಿ ಸಾಕಾದರೂ ಶ್ರಮಕ್ಕೆ ಸಾಲದು. ಎದೆ ಬಿಗಿಯುವುದು ಅದಕ್ಕೇ. ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ನೋವು ಉಳಿದರೆ ಸ್ಟೆಂಟ್ ಯೋಚಿಸಿ. ಅದರ ಮುಖ್ಯ ಲಾಭ ನೋವು ತಗ್ಗುವುದು.

ಪ್ರಶ್ನೆ: ಆಂಜಿಯೋಗ್ರಾಮ್ ಆಗಿದ್ದರೂ ಮತ್ತೆ ಎರಡು ಕಡೆ ಚುಚ್ಚಿ ಚಿತ್ರ ತೆಗೆಯಬೇಕೆನ್ನುತ್ತಾರೆ. ಏಕೆ?
– ಓದುಗರು, ಧಾರವಾಡ

ಉತ್ತರ: ಒಂದೇ ಕಡೆಯಿಂದ ಡೈ ಬಿಟ್ಟರೆ ಬ್ಲಾಕಿನ ಒಂದು ತುದಿ ಮಾತ್ರ ಕಾಣುತ್ತದೆ, ಉದ್ದ ಅಳೆಯಲಾಗದು. ಮೊದಲು ರಕ್ತ ಕೊಡುವ ನಾಳಕ್ಕೆ, ಕೆಲ ಕ್ಷಣ ಬಿಟ್ಟು ಮುಚ್ಚಿದ ನಾಳಕ್ಕೆ ಡೈ ಬಿಟ್ಟರೆ ಎರಡೂ ತುದಿ ಒಂದೇ ಚಿತ್ರದಲ್ಲಿ ಬರುತ್ತವೆ. ಟೇಬಲ್ ಅಲುಗಾಡಿಸದೆ, ಕಡಿಮೆ ಜೂಮಿನಲ್ಲಿ, ಡೈ ಆಚೆ ಬದಿ ಮುಟ್ಟುವವರೆಗೂ ಚಿತ್ರೀಕರಿಸಬೇಕು. ಬೇಗ ನಿಲ್ಲಿಸಿದರೆ ಸಿಸಿ 1 ಇದ್ದದ್ದು ಸಿಸಿ 0 ಎಂದು ದಾಖಲಾಗಬಹುದು.