ಹದಿಮೂರು ರಾಜ್ಯಗಳ ಜಗಳದಲ್ಲಿ ಹುಟ್ಟಿದ ಸಂವಿಧಾನ

ಅಮೆರಿಕದ ಆಡಳಿತದ ಮೂಲ ದಾಖಲೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ರಾಜ್ಯಶಾಸ್ತ್ರದ ಅಧ್ಯಾಪಕರೊಬ್ಬರ ಉತ್ತರ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಹಕ್ಕುಗಳ ಮಸೂದೆ ಮೂರನ್ನೂ ಒಟ್ಟಿಗೇ ಹೇಳುತ್ತಾರೆ. ಮೂರಕ್ಕೂ ಕಾನೂನಿನ ಬಲವಿದೆಯೇ?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಇಲ್ಲ. 1776ರ ಘೋಷಣೆಯ ಬಹುಭಾಗ ದೊರೆ ಮೂರನೇ ಜಾರ್ಜ್ ಮೇಲಿನ ದೂರುಗಳ ಪಟ್ಟಿ. ಎಲ್ಲ ಮನುಷ್ಯರೂ ಸಮಾನರು ಎಂಬ ಸಾಲನ್ನು ಜಗತ್ತೇ ನೆನಪಿಟ್ಟುಕೊಂಡಿದೆ. ಅದನ್ನು ಬರೆದ ಥಾಮಸ್ ಜೆಫರ್ಸನ್ ಸ್ವತಃ ಗುಲಾಮರ ಒಡೆಯನಾಗಿದ್ದ ಎಂಬುದನ್ನೂ ಜೊತೆಗೇ ನೆನಪಿಡಬೇಕು. ನ್ಯಾಯಾಲಯದಲ್ಲಿ ಆ ಘೋಷಣೆಯೊಂದನ್ನೇ ಹಿಡಿದು ಪರಿಹಾರ ಕೇಳಲಾಗದು.

ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಬಿಡುವ ನಾಲ್ಕನೆಯ ದಾಖಲೆಯೊಂದಿದೆ: 1781ರಲ್ಲಿ ಜಾರಿಗೆ ಬಂದ ‘ಒಕ್ಕೂಟದ ನಿಬಂಧನೆಗಳು’. ಅಮೆರಿಕದ ಮೊದಲ ಸಂವಿಧಾನ ಇದೇ. ಇದರಡಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ತಿದ್ದುಪಡಿಗೆ ಹದಿಮೂರೂ ರಾಜ್ಯಗಳು ಒಪ್ಪಬೇಕು. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಆಮದಿನ ಮೇಲೆ ಶೇ 5ರಷ್ಟು ಸುಂಕ ಹಾಕೋಣವೆಂದರೆ ಪುಟ್ಟ ರೋಡ್ ಐಲೆಂಡ್ ತಡೆಯಿತು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಯುದ್ಧದಲ್ಲಿ ಹೋರಾಡಿದ್ದ ಡೇನಿಯಲ್ ಶೇಸ್ ಮುಂತಾದವರ ಹಿಂದೆ ನಿಂತು, ಜಮೀನು ಜಪ್ತಿ ಮಾಡಿಸುತ್ತಿದ್ದ ನ್ಯಾಯಾಲಯಗಳನ್ನೇ ಮುಚ್ಚಿಸಿದರು. ಅವರನ್ನು ಅಡಗಿಸಲು ಕೇಂದ್ರದ ಬಳಿ ಹಣವಿರಲಿಲ್ಲ. ಬಾಸ್ಟನ್ನಿನ ವರ್ತಕರು ಕೊಟ್ಟ ದುಡ್ಡಿನಲ್ಲಿ ರಾಜ್ಯವೇ ಪಡೆ ಕಟ್ಟಬೇಕಾಯಿತು. ಉಳ್ಳವರ ಎದೆ ನಡುಗಿತು. ಮರುವರ್ಷ ಫಿಲಡೆಲ್ಫಿಯಾದ ಸಮಾವೇಶಕ್ಕೆ ಪ್ರತಿನಿಧಿಗಳು ಬಂದು ಸೇರಿದ್ದರ ಹಿಂದೆ ಆದರ್ಶದಷ್ಟೇ ಈ ಭಯವೂ ಇತ್ತು ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ಸಿದ್ಧವಾದ ಸಂವಿಧಾನದಲ್ಲಿ ನಾಗರಿಕರ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ವರ್ಜೀನಿಯಾದ ಜಾರ್ಜ್ ಮೇಸನ್ ಆ ಕೊರತೆಯನ್ನೂ ಮುಂದಿಟ್ಟು ಸಹಿ ಹಾಕದೆ ಹೋದ. ಹಲವು ರಾಜ್ಯಗಳು ಅದೇ ಪಟ್ಟು ಹಿಡಿದ ಮೇಲೆ 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಅವೇ ಹಕ್ಕುಗಳ ಮಸೂದೆ. ಅಂದರೆ ಅದು ಸಂವಿಧಾನದ್ದೇ ಭಾಗ. ಪರೀಕ್ಷೆಯಲ್ಲಿ ಕೇಳಬಹುದಾದ ಒಂದು ಸೂಕ್ಷ್ಮ: ಈ ಹಕ್ಕುಗಳು ಮೊದಲಿಗೆ ಕೇಂದ್ರ ಸರ್ಕಾರವನ್ನಷ್ಟೇ ಕಟ್ಟಿಹಾಕಿದ್ದವು. ಅಂತರ್ಯುದ್ಧದ ನಂತರದ 1868ರ ಹದಿನಾಲ್ಕನೇ ತಿದ್ದುಪಡಿಯ ಬಲದಿಂದ, ಅದೂ ಇಪ್ಪತ್ತನೇ ಶತಮಾನದಲ್ಲಿ ಒಂದೊಂದಾಗಿ, ಅವುಗಳಲ್ಲಿ ಬಹುಪಾಲು ರಾಜ್ಯಗಳಿಗೂ ಅನ್ವಯವಾದವು.

ಪ್ರಶ್ನೆ: 2000 ಮತ್ತು 2016ರಲ್ಲಿ ದೇಶದಾದ್ಯಂತ ಕಡಿಮೆ ಮತ ಪಡೆದವರು ಅಧ್ಯಕ್ಷರಾದರು. ಪ್ರಜಾಪ್ರಭುತ್ವದ ಪಾಠ ಹೇಳುವ ದೇಶದಲ್ಲಿ ಇದೆಂಥ ಲೆಕ್ಕ?
(ನಿವೃತ್ತ ಶಿಕ್ಷಕರು, ಬಳ್ಳಾರಿ)

ಉತ್ತರ: ಮೇಷ್ಟ್ರೇ, ಈ ಲೆಕ್ಕದ ಬೇರು 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ಸಮಾವೇಶದಲ್ಲಿ ನಡೆದ ಜಗಳದಲ್ಲಿದೆ. ಹೊಸ ಸಂಸತ್ತಿನ ಎರಡೂ ಸದನಗಳಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನ ಬೇಕೆಂದು ದೊಡ್ಡ ರಾಜ್ಯವಾದ ವರ್ಜೀನಿಯಾ ಯೋಜನೆ ಮಂಡಿಸಿತು. ರಾಜ್ಯಕ್ಕೊಂದು ಮತ ಎಂದು ನ್ಯೂಜೆರ್ಸಿ ಪಟ್ಟು ಹಿಡಿಯಿತು. ನಮ್ಮನ್ನು ತುಳಿದರೆ ಕೈಹಿಡಿಯುವ ವಿದೇಶಿ ಮಿತ್ರರನ್ನು ಹುಡುಕಿಕೊಳ್ಳುತ್ತೇವೆ ಎಂದು ಡೆಲವೇರ್‌ನ ಗನ್ನಿಂಗ್ ಬೆಡ್‌ಫರ್ಡ್ ಬಹಿರಂಗವಾಗಿಯೇ ಬೆದರಿಸಿದ. ಕೊನೆಗೆ ಜುಲೈ 16ರಂದು ಕೆಳಮನೆಯಲ್ಲಿ ಜನಸಂಖ್ಯೆ, ಸೆನೆಟ್‌ನಲ್ಲಿ ಸಮಾನತೆ ಎಂಬ ರಾಜಿ ಐದಕ್ಕೆ ನಾಲ್ಕು ರಾಜ್ಯಗಳ ಮತದಿಂದ ಪಾರಾಯಿತು. ಮ್ಯಾಸಚೂಸೆಟ್ಸ್‌ನ ಪ್ರತಿನಿಧಿಗಳು ಸಮಸಮವಾಗಿ ಒಡೆದದ್ದರಿಂದ ಅದರ ಮತ ಲೆಕ್ಕಕ್ಕೇ ಬರಲಿಲ್ಲ.

ಫಲ ಇಂದಿಗೂ ಇದೆ. ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ 6 ಲಕ್ಷ ಮುಟ್ಟದ ವಯೋಮಿಂಗ್‌ಗೂ ತಲಾ ಇಬ್ಬರೇ ಸೆನೆಟರ್‌ಗಳು. ನಮ್ಮ ರಾಜ್ಯಸಭೆಯಲ್ಲಿ ಹೀಗಿಲ್ಲ. ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಂಗೆ ಒಂದು.

ಜನರ ಮತದಿಂದ ಆಯ್ಕೆಯಾಗಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳೆಂಬ ಪ್ರತಿನಿಧಿಗಳ ಸಂಖ್ಯೆಯೂ ಇದೇ ರಾಜಿಯ ಕೂಸು: ಪ್ರತಿ ರಾಜ್ಯಕ್ಕೆ ಕೆಳಮನೆಯ ಸ್ಥಾನಗಳಷ್ಟು, ಜೊತೆಗೆ ಸೆನೆಟ್‌ನ ಎರಡು. ರಾಜಧಾನಿ ವಾಷಿಂಗ್ಟನ್ನಿನ ಮೂವರೂ ಸೇರಿ ಈಗ ಒಟ್ಟು 538. ಹೆಚ್ಚಿನ ರಾಜ್ಯಗಳಲ್ಲಿ ಒಂದೇ ಮತದಿಂದ ಗೆದ್ದರೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳೂ ಗೆದ್ದವರ ಪಾಲು. ಆದ್ದರಿಂದಲೇ ದೇಶದ ಒಟ್ಟು ಮತದಲ್ಲಿ ಮುಂದಿದ್ದವರು ಸೋಲಬಹುದು.

ಇದರಲ್ಲಿ ಇನ್ನೂ ಕಹಿಯಾದ ಪದರವೊಂದಿದೆ. ಮತದಾನದ ಹಕ್ಕಿಲ್ಲದ ಗುಲಾಮರನ್ನು ಕೆಳಮನೆಯ ಸ್ಥಾನ ಹಂಚುವಾಗ ಐದನೇ ಮೂರು ಪಾಲು ಲೆಕ್ಕಕ್ಕೆ ಹಿಡಿದರು. ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸಿದರೆ ಗುಲಾಮರು ಹೆಚ್ಚಿದ್ದ ದಕ್ಷಿಣದ ರಾಜ್ಯಗಳಿಗೆ ಅವರಿಂದ ಏನೂ ಲಾಭವಿಲ್ಲ, ಎಲೆಕ್ಟರ್‌ಗಳ ಮೂಲಕವಾದರೆ ಇದೆ. ಸಂವಿಧಾನದ ಪಿತಾಮಹನೆಂದು ಹೆಸರಾದ ಜೇಮ್ಸ್ ಮ್ಯಾಡಿಸನ್ ಸಮಾವೇಶದಲ್ಲೇ ಈ ತೊಡಕನ್ನು ಎತ್ತಿ ಹೇಳಿದ್ದ. ಮೊದಲ ಐವರು ಅಧ್ಯಕ್ಷರಲ್ಲಿ ನಾಲ್ವರು ಅಂಥ ದಕ್ಷಿಣದ ರಾಜ್ಯವಾದ ವರ್ಜೀನಿಯಾದವರು. ಇಷ್ಟೆಲ್ಲ ಮಾಡಿಯೂ ‘ಗುಲಾಮ’ ಎಂಬ ಪದ ಮೂಲ ಸಂವಿಧಾನದಲ್ಲಿ ಎಲ್ಲೂ ಇಲ್ಲ. ‘ಇತರ ವ್ಯಕ್ತಿಗಳು’ ಎಂದು ಬರೆದು ಮುಗಿಸಿದ್ದಾರೆ. ಇಷ್ಟು ನಾಜೂಕಾಗಿ ಬರೆದವರಿಗೆ ತಾವೇನು ಮಾಡುತ್ತಿದ್ದೇವೆಂಬುದು ಚೆನ್ನಾಗಿಯೇ ಗೊತ್ತಿತ್ತು.

ತಿದ್ದಬಹುದಲ್ಲ ಎನ್ನುತ್ತೀರಿ. ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ, ಮೇಲೆ ನಾಲ್ಕನೇ ಮೂರರಷ್ಟು, ಅಂದರೆ 38 ರಾಜ್ಯಗಳ ಒಪ್ಪಿಗೆ ಬೇಕು. ಈ ಲೆಕ್ಕದಿಂದ ಲಾಭವಿರುವ ಸಣ್ಣ ರಾಜ್ಯಗಳು ತಾವಾಗಿ ಅದನ್ನು ಬಿಟ್ಟುಕೊಡುವುದುಂಟೇ?

ಪ್ರಶ್ನೆ: ನಮ್ಮೂರಿನ ಬಿ.ಎನ್. ರಾವ್ ಅವರು ಅಮೆರಿಕಕ್ಕೆ ಹೋಗಿ ಬಂದ ಮೇಲೆ ನಮ್ಮ ಸಂವಿಧಾನದ ಒಂದು ಮಾತು ಬದಲಾಯಿತಂತೆ. ನಿಜವೇ?
(ಓದುಗರು, ಮಂಗಳೂರು)

ಉತ್ತರ: ನಿಜ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು 1947ರ ಕೊನೆಗೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಡ್ಯೂ ಪ್ರೋಸೆಸ್’, ಅಂದರೆ ನ್ಯಾಯಯುತ ಪ್ರಕ್ರಿಯೆಯಿಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಅಮೆರಿಕನ್ ತತ್ವ ಆಗ ನಮ್ಮ ಕರಡಿನಲ್ಲಿತ್ತು. ಅದು ಶಾಸನಸಭೆಯ ಕಾನೂನನ್ನು ತಳ್ಳಿಹಾಕುವ ಅತಿಯಾದ ಅಧಿಕಾರವನ್ನು ಬೆರಳೆಣಿಕೆಯ ನ್ಯಾಯಾಧೀಶರಿಗೆ ಕೊಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಎಚ್ಚರಿಕೆ. ಅದಕ್ಕೆ ಆಧಾರವಿತ್ತು. ಬೇಕರಿ ಕಾರ್ಮಿಕರ ದುಡಿಮೆಗೆ ವಾರಕ್ಕೆ 60 ಗಂಟೆಯ ಮಿತಿ ಹಾಕಿದ್ದ ನ್ಯೂಯಾರ್ಕ್ ಕಾನೂನನ್ನು ಅಲ್ಲಿನ ಕೋರ್ಟು 1905ರಲ್ಲಿ ಇದೇ ತತ್ವದ ಹೆಸರಿನಲ್ಲಿ ರದ್ದು ಮಾಡಿತ್ತು. ಭೂಸುಧಾರಣೆಯಂಥ ಕಾನೂನುಗಳಿಗೆ ಇಲ್ಲಿಯೂ ಅದೇ ಗತಿ ಬಂದರೆ ಎಂಬ ಚಿಂತೆ ರಾಯರಿಗೆ.

1948ರ ಕರಡಿನಲ್ಲಿ ಆ ಜಾಗಕ್ಕೆ ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’ ಎಂಬ ಒಕ್ಕಣೆ ಬಂತು. ಕಾನೂನು ಹೇಳಿದ ವಿಧಾನ ಪಾಲಿಸಿದರೆ ಸಾಕು, ಆ ಕಾನೂನು ನ್ಯಾಯಯುತವೇ ಎಂದು ಕೋರ್ಟು ಕೇಳುವಂತಿಲ್ಲ ಎಂಬುದು ಅದರ ಇಂಗಿತ. ಮಾದರಿ ಜಪಾನಿನ ಸಂವಿಧಾನ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಇಂದಿನ 21ನೇ ವಿಧಿಯಲ್ಲಿರುವುದು ಅದೇ. ಕೆ.ಎಂ. ಮುನ್ಷಿ ಸಭೆಯಲ್ಲಿ ಹಳೆಯ ಒಕ್ಕಣೆಯ ಪರ ಬಲವಾಗಿ ವಾದಿಸಿದರು. ಅಂಬೇಡ್ಕರ್ ಎರಡೂ ಕಡೆ ಅಪಾಯವಿದೆಯೆಂದು ಒಪ್ಪಿದರು. ಮುಂದೆ, ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬಂಥ ರಕ್ಷಣೆಗಳಿರುವ 22ನೇ ವಿಧಿಯನ್ನು ತಂದು ಆ ನಷ್ಟವನ್ನು ಸ್ವಲ್ಪ ತುಂಬಿಕೊಟ್ಟರು.

ಹಾಗೆಂದು ಕೈಬಿಟ್ಟದ್ದು ಪೂರ್ತಿ ದೂರವೇನೂ ಉಳಿಯಲಿಲ್ಲ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಆ ಕಾರ್ಯವಿಧಾನವೂ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕು ಎಂದು ಹೇಳಿತು.