ಮಾಡೆಲ್ ಆಗಿದ್ದ ಕ್ರಿಸ್ಟಿ ಟರ್ಲಿಂಗ್ಟನ್ ತಾಯಂದಿರ ಆರೋಗ್ಯದ ಕೆಲಸಕ್ಕೆ ಬಂದಿದ್ದು ಹೇಗೆ?

ತಮ್ಮ ಮೊದಲ ಹೆರಿಗೆಯಿಂದ. 90ರ ದಶಕದಲ್ಲಿ ಈ ಅಮೆರಿಕನ್ ಮಾಡೆಲ್‌ನ ಮುಖ ಗೊತ್ತಿಲ್ಲದ ಫ್ಯಾಷನ್ ಪತ್ರಿಕೆ ಇರಲಿಲ್ಲ. ಹೆಸರು ಜೋರಾಗಿದ್ದಾಗಲೇ ರ‍್ಯಾಂಪ್ ಕಡಿಮೆ ಮಾಡಿ ಓದಿಗೆ ಹೋದರು, 1999ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪದವಿ ಪಡೆದರು.

2003ರಲ್ಲಿ ಮಗಳು ಹುಟ್ಟಿದಳು. ಮಗು ಆರಾಮಾಗಿತ್ತು. ಆದರೆ ಮಾಸು ತಾನಾಗಿ ಬೀಳಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ನುರಿತ ಸೂಲಗಿತ್ತಿ, ಡಾಕ್ಟರು ಪಕ್ಕದಲ್ಲೇ ಇದ್ದಿದ್ದರಿಂದ ಕ್ರಿಸ್ಟಿ ಬದುಕಿಕೊಂಡರು. ಜಗತ್ತಿನಲ್ಲಿ ಬಾಣಂತಿಯರ ಸಾವಿಗೆ ದೊಡ್ಡ ಕಾರಣವೇ ಈ ರಕ್ತಸ್ರಾವ. ಸಮಯಕ್ಕೆ ಆರೈಕೆ ಸಿಕ್ಕರೆ ಹೆಚ್ಚಿನವರನ್ನು ಉಳಿಸಬಹುದು, ಅದೇ ಸಂಕಟದ ವಿಷಯ ಅಲ್ವಾ?

ಎರಡನೇ ಬಾರಿ ಬಸುರಿಯಾಗಿದ್ದಾಗ ತಾಯಿಯ ನಾಡಾದ, ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶಕ್ಕೆ ಹೋದರು. ಅಲ್ಲಿನ ಹಳ್ಳಿಗಳಲ್ಲಿ ನೀರಿಗೂ ರಸ್ತೆಗೂ ಪರದಾಟ. ತಮ್ಮ ಹೆರಿಗೆ ಇಲ್ಲೇ ಆಗಿದ್ದರೆ ಬದುಕುತ್ತಿರಲಿಲ್ಲವೇನೋ ಅನ್ನಿಸಿತು. 2010ರಲ್ಲಿ ತಾಯಂದಿರ ಆರೋಗ್ಯಕ್ಕಾಗಿ 'ಎವ್ರಿ ಮದರ್ ಕೌಂಟ್ಸ್' ಸಂಸ್ಥೆ ಕಟ್ಟಿದರು. ಸುಮ್ನೆ ಹೆಸರು ಕೊಟ್ಟು ಕೂರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. 2011ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್, ಅಂದರೆ ಸುಮಾರು 42 ಕಿಲೋಮೀಟರ್, ಓಡಿದರು. ಎಷ್ಟೋ ಬಸುರಿಯರಿಗೆ ಆಸ್ಪತ್ರೆ ತುಂಬಾ ದೂರ ಇರುತ್ತದೆ, ಅದನ್ನು ಜನಕ್ಕೆ ತಿಳಿಸಲು ಈ ಓಟ.